ಜ್ವರದ ಮರೆಯಲ್ಲಿ ಅಡಗಿದ್ದ ಎದೆಬಡಿತ

ಜ್ವರ ಬಂದವರ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೈಯ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು ಹತ್ತು ಬಡಿತ ಹೆಚ್ಚುತ್ತದೆ. ಊಟ ಸೇರದೆ, ನೀರು ಸಾಲದೆ, ನಿದ್ದೆಗೆಟ್ಟರೆ ಇನ್ನೂ ಹೆಚ್ಚು. ಆದ್ದರಿಂದ ಆ್ಯಂಟಿಬಯಾಟಿಕ್ ಮಾತ್ರೆ ಶುರುಮಾಡಿದ ಎರಡನೆಯ ದಿನವೋ ಮೂರನೆಯ ದಿನವೋ ರೋಗಿ ‘ಎದೆ ಢವಢವ ಅನ್ನುತ್ತಿದೆ, ನಡುನಡುವೆ ಒಂದು ಬಡಿತ ತಪ್ಪಿದ ಹಾಗಾಗುತ್ತಿದೆ’ ಎಂದರೆ, ಜ್ವರಕ್ಕೆ ಇರಬೇಕು, ಹೆದರಿಕೆಗೆ ಇರಬೇಕು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. ಬಹುಪಾಲು ಸಲ ಆ ಉತ್ತರ ಸರಿಯೂ ಹೌದು. ಆದರೆ ಹತ್ತು ಸಲ ಸರಿಯಾದ ಉತ್ತರಕ್ಕೆ ಒಂದು ಗುಣವಿದೆ: ಅದು ತಪ್ಪಾದ ಹನ್ನೊಂದನೆಯ ಸಲವನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡುತ್ತದೆ. ಕೆಲವು ಆ್ಯಂಟಿಬಯಾಟಿಕ್‌ಗಳು ಹೃದಯದ ವಿದ್ಯುತ್ತನ್ನೇ ಕದಡಬಲ್ಲವು ಎಂದು ಖಚಿತವಾಗಿ ತಿಳಿಯಲು ವೈದ್ಯಲೋಕಕ್ಕೆ ಸರಿಸುಮಾರು ಅರ್ಧ ಶತಮಾನ ಹಿಡಿಯಿತು. ಆ ತಡಕ್ಕೆ ಯಂತ್ರಗಳ ಕೊರತೆ ಕಾರಣವಾಗಿರಲಿಲ್ಲ. ಒಂದು ಔಷಧಿಯನ್ನು ಅದೊಂದನ್ನೇ ಇಟ್ಟುಕೊಂಡು ನೋಡಿ ‘ಇದು ಸುರಕ್ಷಿತ’ ಎಂದು ತೀರ್ಮಾನಿಸುವ ರೂಢಿಯೇ ಕಾರಣ. ಈ ಅಪಾಯ ಒಂಟಿ ಮಾತ್ರೆಯೊಳಗೆ ಕೂತಿರುವುದು ಅಪರೂಪ; ಅದು ಎರಡು ಔಷಧಿ ಕೂಡಿದಲ್ಲಿ, ಔಷಧಿಯೂ ಒಬ್ಬ ವ್ಯಕ್ತಿಯ ರಕ್ತದ ಲವಣವೂ ಕೂಡಿದಲ್ಲಿ, ಔಷಧಿಯೂ ಹುಟ್ಟಿನಿಂದ ಬಂದ ಜೀನೂ ಕೂಡಿದಲ್ಲಿ ಏಳುತ್ತದೆ. ಇದರ ಇತಿಹಾಸದ ಪ್ರತಿ ತಿರುವೂ ಅದನ್ನೇ ತೋರಿಸುತ್ತದೆ.

ಮೊದಲೇ ಒಂದು ವಿಷಯ ಬೇರ್ಪಡಿಸಿಬಿಡಬೇಕು. ಪೆನಿಸಿಲಿನ್ ಕಾಲದಲ್ಲೂ ಎದೆಬಡಿತದ ದೂರು ಇತ್ತು. ಪ್ರೊಕೇನ್ ಪೆನಿಸಿಲಿನ್ ಇಂಜೆಕ್ಷನ್ ಚುಚ್ಚಿದ ಕೆಲವೇ ಕ್ಷಣಗಳಲ್ಲಿ ಕೆಲವರಿಗೆ ಎದೆ ಹಾರುತ್ತಿತ್ತು, ಸತ್ತೇಹೋಗುತ್ತೇನೆ ಎಂಬ ಭಯ ಕವಿಯುತ್ತಿತ್ತು, ಇಲ್ಲದ್ದು ಕಾಣಿಸುತ್ತಿತ್ತು, ಕೇಳಿಸುತ್ತಿತ್ತು. ಕೆಲವು ನಿಮಿಷಗಳಲ್ಲಿ ಎಲ್ಲ ಇಳಿಯುತ್ತಿತ್ತು. ಇದು ಅಲರ್ಜಿಯಲ್ಲ, ಔಷಧಿಯ ಕಣಗಳು ರಕ್ತನಾಳಕ್ಕೆ ನುಗ್ಗಿದ್ದರಿಂದ ಆಗುವ ಬೇರೆಯೇ ಪ್ರತಿಕ್ರಿಯೆ ಎಂದು ಸ್ವಿಟ್ಜರ್ಲೆಂಡಿನ ವೈದ್ಯ ಹೋಯ್ನೆ 1959ರಲ್ಲಿ ವಿವರಿಸಿದರು. ಆ ಎದೆಬಡಿತ ಭಯಾನಕ, ಆದರೆ ಕ್ಷಣಿಕ. ನಾನಿಲ್ಲಿ ಹೇಳಹೊರಟದ್ದು ಅದಕ್ಕಿಂತ ಮೌನವಾದ, ಇಸಿಜಿ ಕಾಗದದ ಮೇಲೆ ಮಾತ್ರ ಗುರುತು ಬಿಡುವ ಇನ್ನೊಂದರ ಕಥೆ.

ಆ ಕಾಗದದ ಭಾಷೆಯನ್ನು ಕೊಟ್ಟವರು ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂತೋವನ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಎರಡು ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಹೃದಯದ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರೂ ಅವರೇ. 1924ರಲ್ಲಿ ನೊಬೆಲ್ ಬಂತು. ಇವತ್ತಿನ ಗುಲಾಬಿ ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕ ಎಂದರೆ 40 ಮಿಲಿಸೆಕೆಂಡ್. ಕ್ಯೂ ಶುರುವಾದಲ್ಲಿಂದ ಟಿ ಮುಗಿಯುವವರೆಗಿನ ದೂರ, ಅಂದರೆ ಕ್ಯೂಟಿ, ಹೃದಯದ ಕೆಳಕೋಣೆಗಳು ಒಮ್ಮೆ ಮಿಡಿದು ಮತ್ತೆ ಸಜ್ಜಾಗಲು ಹಿಡಿಯುವ ಸಮಯ. ಆರೋಗ್ಯವಂತರಲ್ಲಿ ಅದು ಸುಮಾರು ಹತ್ತು ಸಣ್ಣ ಚೌಕ. ಹನ್ನೆರಡೂವರೆ ಚೌಕ, ಅಂದರೆ 500 ಮಿಲಿಸೆಕೆಂಡ್ ದಾಟಿತೆಂದರೆ ವೈದ್ಯರ ಮುಖ ಗಂಭೀರವಾಗುತ್ತದೆ. ಎರಡೂವರೆ ಸಣ್ಣ ಚೌಕ, ಎರಡೂವರೆ ಮಿಲಿಮೀಟರ್. ಇಷ್ಟು ಸಣ್ಣ ಅಂತರದಲ್ಲಿ ಈ ಇತಿಹಾಸವೆಲ್ಲ ಅಡಗಿದೆ.

ಕ್ಯೂಟಿ ಉದ್ದವಾದರೆ ಏನಾಗುತ್ತದೆ ಎಂಬುದನ್ನು ಮೊದಲು ಹೇಳಿದ್ದು ಔಷಧಿಗಳಲ್ಲ, ಮನೆತನಗಳು. 1957ರಲ್ಲಿ ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದು ಕುಟುಂಬದ ಕಿವುಡ ಮಕ್ಕಳು ಮೂರ್ಛೆ ಹೋಗುವುದನ್ನೂ ಹಠಾತ್ತನೆ ಸಾಯುವುದನ್ನೂ ದಾಖಲಿಸಿದರು. ಆ ಮಕ್ಕಳ ಕ್ಯೂಟಿ ಉದ್ದವಾಗಿತ್ತು. 1963ರಲ್ಲಿ ಇಟಲಿಯ ರೊಮಾನೊ, 1964ರಲ್ಲಿ ಐರ್ಲೆಂಡಿನ ವಾರ್ಡ್ ಕಿವುಡಿಲ್ಲದ ಕುಟುಂಬಗಳಲ್ಲೂ ಅದನ್ನೇ ಕಂಡರು. ಅದೇ 1964ರಲ್ಲಿ ಅಮೆರಿಕದ ಸೆಲ್ಜರ್ ಮತ್ತು ರೇ, ಸಿಂಕೋನಾ ತೊಗಟೆಯಿಂದ ಬರುವ ಕ್ವಿನಿಡಿನ್ ತೆಗೆದುಕೊಂಡವರು ಮೂರ್ಛೆ ಬೀಳುವುದಕ್ಕೆ ಹೃದಯದ ಲಯ ಕೆಡುವುದೇ ಕಾರಣ ಎಂದು ತೋರಿಸಿದರು. ಹೃದಯದ ಲಯ ಸರಿಪಡಿಸಲೆಂದೇ ಕೊಡುತ್ತಿದ್ದ ಔಷಧಿ ಅದು. ಎರಡು ವರ್ಷದ ಬಳಿಕ, 1966ರಲ್ಲಿ, ಪ್ಯಾರಿಸ್‌ನ ಫ್ರಾನ್ಸ್ವಾ ದೆಸೆರ್ತೆನ್ ಒಬ್ಬ ವೃದ್ಧೆಯ ಇಸಿಜಿಯಲ್ಲಿ ಆ ಕೆಟ್ಟ ಲಯದ ರೂಪವನ್ನೇ ಹಿಡಿದರು: ಅಲೆಗಳ ಮೊನೆಗಳು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ದೀಪದ ಬತ್ತಿ ಹೊಸೆದ ಹಾಗೆ ಗೆರೆಯ ಸುತ್ತ ತಿರುಚಿಕೊಳ್ಳುತ್ತಿದ್ದವು. ಅದಕ್ಕೆ ಅವರಿಟ್ಟ ಫ್ರೆಂಚ್ ಹೆಸರು ‘ಟೊರ್ಸಾದ್ ದ ಪ್ವಾಂತ್’, ಅಂದರೆ ಮೊನೆಗಳ ತಿರುಚು. ಅದು ಬಂದು ತಾನಾಗಿ ನಿಂತರೆ ರೋಗಿಗೆ ಎದೆ ಹಾರಿದ ಹಾಗೆ, ಕಣ್ಣು ಕತ್ತಲಿಟ್ಟ ಹಾಗೆ ಅನ್ನಿಸುತ್ತದೆ. ನಿಲ್ಲದಿದ್ದರೆ ಸಾವು. ಹೀಗೆ ಎದೆಬಡಿತದ ಸಾಮಾನ್ಯ ದೂರಿಗೂ ಹಠಾತ್ ಸಾವಿಗೂ ನಡುವಿನ ಸೇತುವೆ 1966ಕ್ಕೇ ಕಂಡಿತ್ತು. ಆ್ಯಂಟಿಬಯಾಟಿಕ್‌ಗಳ ಕಡೆಗೆ ಮಾತ್ರ ಯಾರೂ ತಿರುಗಿ ನೋಡಿರಲಿಲ್ಲ.

ಏಕೆಂದರೆ ಎರಿಥ್ರೊಮೈಸಿನ್‌ಗೆ ಸಾಧು ಎಂಬ ಹೆಸರಿತ್ತು. ಫಿಲಿಪೈನ್ಸ್‌ನ ಇಲೋಇಲೊ ಪ್ರಾಂತ್ಯದ ಮಣ್ಣನ್ನು ಅಲ್ಲಿನ ವೈದ್ಯ ಅಬೆಲಾರ್ಡೊ ಅಗಿಲಾರ್ 1949ರಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ ಕಳುಹಿಸಿದ್ದರು. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಔಷಧಿ 1952ರಲ್ಲಿ ಮಾರುಕಟ್ಟೆಗೆ ಇಳಿಯಿತು, ಊರಿನ ನೆನಪಿಗೆ ಇಲೋಟೈಸಿನ್ ಎಂಬ ಹೆಸರಿನಲ್ಲಿ. ಪೆನಿಸಿಲಿನ್ ಒಗ್ಗದವರಿಗೆ, ಮಕ್ಕಳಿಗೆ, ಬಸುರಿಯರಿಗೆ ಅದನ್ನು ನಿರಾಳವಾಗಿ ಬರೆಯುತ್ತಿದ್ದರು. ಹೊಟ್ಟೆ ತೊಳಸುತ್ತದೆ ಎಂಬುದೊಂದೇ ದೂರು. 1980ರ ದಶಕದಲ್ಲಿ, ರಕ್ತನಾಳದ ಮೂಲಕ ಎರಿಥ್ರೊಮೈಸಿನ್ ಕೊಟ್ಟ ಕೆಲವು ಹೃದ್ರೋಗಿಗಳಲ್ಲಿ ಕ್ಯೂಟಿ ಹಿಗ್ಗಿ ಲಯ ಕೆಟ್ಟ ವರದಿಗಳು ಬಂದವು. ಅವರೆಲ್ಲ ಮೊದಲೇ ತೀವ್ರ ಕಾಯಿಲೆಯವರು, ಇನ್ನೂ ಹತ್ತು ಔಷಧಿಗಳ ಮೇಲಿದ್ದವರು. ಆದ್ದರಿಂದ ಔಷಧಿಯ ಮೇಲೆ ತಪ್ಪು ಹೊರಿಸುವುದು ಹೇಗೆ ಎಂದು ಪ್ರಶ್ನೆ ಬಂತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಪಾಯ ಇರುವುದೇ ಹಾಗೆ ಹಲವು ಕೂಡಿದವರಲ್ಲಿ ಎಂದಾದರೆ, ‘ಅವರಲ್ಲಿ ಹಲವು ಕೂಡಿದ್ದವು’ ಎಂಬ ಮಾತು ಔಷಧಿಯನ್ನು ಬಿಡುಗಡೆ ಮಾಡುವ ಸಾಕ್ಷಿಯಾಗುವುದಿಲ್ಲ. ಅದೇ ಸುಳಿವು.

ಆ ಸುಳಿವನ್ನು ಬಯಲಿಗೆ ತಂದದ್ದು ಒಬ್ಬ ಹೆಣ್ಣುಮಗಳ ಹತ್ತು ದಿನಗಳು. 1990ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಆ ವರದಿಯಲ್ಲಿ ಆಕೆಯ ಹೆಸರಿಲ್ಲ, ವಯಸ್ಸು 39. ಆಕೆಗೆ ಟರ್ಫೆನಡಿನ್ ಎಂಬ ಅಲರ್ಜಿ ಮಾತ್ರೆಯನ್ನೂ ಸೆಫಾಕ್ಲೋರ್ ಎಂಬ ಆ್ಯಂಟಿಬಯಾಟಿಕ್ಕನ್ನೂ ಬರೆದುಕೊಟ್ಟಿದ್ದರು. ತೂಕಡಿಕೆ ತರದ ಅಲರ್ಜಿ ಮಾತ್ರೆ ಎಂದು ಟರ್ಫೆನಡಿನ್ ಬಹಳ ಜನಪ್ರಿಯವಾಗಿತ್ತು. ಆಕೆಗೆ ಬೂಷ್ಟಿನ ಸೋಂಕು ಕಾಣಿಸಿಕೊಂಡಿತು. ಅದು ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವ ಹೆಂಗಸರಲ್ಲಿ ಸಾಮಾನ್ಯ. ಎಂಟನೆಯ ದಿನ ಆಕೆ ಅದಕ್ಕೆ ಕೀಟೊಕೊನಜೋಲ್ ಮಾತ್ರೆಯನ್ನು ತಾನಾಗಿಯೇ ಶುರುಮಾಡಿದಳು. ಮುಂದಿನ ಎರಡು ದಿನ ತಲೆ ಹಗುರಾದಂತೆ, ಆಗಾಗ ಪ್ರಜ್ಞೆ ತಪ್ಪಿದಂತೆ ಆಗಿ ಆಸ್ಪತ್ರೆಗೆ ಬಂದಳು. ಆಕೆಯ ಕ್ಯೂಟಿ, ನಾಡಿಯ ವೇಗಕ್ಕೆ ಸರಿಹೊಂದಿಸಿದ ಮೇಲೆ, 655 ಮಿಲಿಸೆಕೆಂಡ್ ಇತ್ತು. ಕಾಗದದ ಮೇಲೆ ಹದಿನಾರಕ್ಕೂ ಹೆಚ್ಚು ಸಣ್ಣ ಚೌಕ. ಆಸ್ಪತ್ರೆಯಲ್ಲಿದ್ದಾಗಲೇ ಟೊರ್ಸಾದ್ ಬಂತು. ವೈದ್ಯರು ರಕ್ತ ಪರೀಕ್ಷೆ ಮಾಡಿದಾಗ ಅದರಲ್ಲಿ ಟರ್ಫೆನಡಿನ್ ಸಿಕ್ಕಿತು. ಸಿಗಬಾರದಿತ್ತು. ಸಾಮಾನ್ಯವಾಗಿ ಆ ಔಷಧಿಯನ್ನು ಪಿತ್ತಜನಕಾಂಗದ ಕಿಣ್ವವೊಂದು ಮೊದಲ ಸುತ್ತಿನಲ್ಲೇ ಬೇರೊಂದು ನಿರಪಾಯ ರೂಪಕ್ಕೆ ಮಾರ್ಪಡಿಸಿಬಿಡುತ್ತದೆ. ಮೂಲ ಔಷಧಿ ರಕ್ತದಲ್ಲಿ ಅಳತೆಗೆ ಸಿಗದಷ್ಟು ಕಡಿಮೆ. ಕೀಟೊಕೊನಜೋಲ್ ಆ ಕಿಣ್ವದ ಕೈಕಟ್ಟಿತ್ತು. ಅಡೆತಡೆಯಿಲ್ಲದೆ ಏರಿದ ಟರ್ಫೆನಡಿನ್ ಹೃದಯಕ್ಕೆ ತಲುಪಿತ್ತು.

ಈ ಕಥೆಯಲ್ಲಿ ಆಕೆ ಮಾಡಿದ ತಪ್ಪೇನು? ಪ್ರತಿಯೊಂದು ಮಾತ್ರೆಗೂ ಒಂದು ಸಹಜ ಕಾರಣವಿತ್ತು, ಪ್ರತಿಯೊಂದೂ ಸುರಕ್ಷಿತವೆಂದು ಮಾರಾಟವಾಗುತ್ತಿತ್ತು. ಎರಿಥ್ರೊಮೈಸಿನ್ ಸಹ ಅದೇ ಕಿಣ್ವವನ್ನು ತಡೆಯುತ್ತದೆ ಎಂಬುದು ಬಲುಬೇಗ ಸ್ಪಷ್ಟವಾಯಿತು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟರ್ಫೆನಡಿನ್‌ಗೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಎಚ್ಚರಿಕೆ ಸಾಲಲಿಲ್ಲ, ಅಲರ್ಜಿ ಇದ್ದವರಿಗೇ ಗಂಟಲು ಸೋಂಕೂ ಬರುತ್ತಿತ್ತು, ಒಬ್ಬ ವೈದ್ಯರು ಒಂದನ್ನೂ ಇನ್ನೊಬ್ಬರು ಇನ್ನೊಂದನ್ನೂ ಬರೆಯುತ್ತಿದ್ದರು. ನಿರಪಾಯ ರೂಪವನ್ನೇ ಬೇರ್ಪಡಿಸಿ ಫೆಕ್ಸೊಫೆನಡಿನ್ ಎಂಬ ಹೊಸ ಮಾತ್ರೆ 1996ರಲ್ಲಿ ಬಂದ ಮೇಲೆ, ಹಳೆಯದು 1998ರ ಆರಂಭದಲ್ಲಿ ಅಲ್ಲಿ ನಿಂತಿತು. ಇವತ್ತು ನಮ್ಮ ಮೆಡಿಕಲ್ ಶಾಪುಗಳಲ್ಲಿ ಶೀತ-ಸೀನಿಗೆ ಕೊಡುವ ಫೆಕ್ಸೊಫೆನಡಿನ್ ಆ ದುರಂತಗಳಿಂದ ಹುಟ್ಟಿದ್ದು. ಹೊಟ್ಟೆಯುಬ್ಬರಕ್ಕೆ ಕೊಡುತ್ತಿದ್ದ ಸಿಸಾಪ್ರೈಡ್‌ದೂ ಇದೇ ದಾರಿ. ಅಮೆರಿಕದಲ್ಲಿ ಅದು 2000ದಲ್ಲಿ ಮುಕ್ತ ಮಾರಾಟದಿಂದ ಹೋಯಿತು, ಭಾರತದಲ್ಲಿ ನಿಷೇಧವಾಗಲು 2011ರವರೆಗೆ ಕಾಯಬೇಕಾಯಿತು. ಆ ಹನ್ನೊಂದು ವರ್ಷ ನನಗೆ ಇಂದಿಗೂ ಒಪ್ಪಿಕೊಳ್ಳಲಾಗದ ಅಂತರ.

ಇಷ್ಟೊಂದು ಬೇರೆಬೇರೆ ಔಷಧಿಗಳು, ಆ್ಯಂಟಿಬಯಾಟಿಕ್, ಅಲರ್ಜಿ ಮಾತ್ರೆ, ಹೊಟ್ಟೆಯ ಮಾತ್ರೆ, ಒಂದೇ ರೀತಿ ಹೃದಯವನ್ನು ಕೆಣಕುವುದೇಕೆ? ಉತ್ತರ ಬಂದದ್ದು ಹಣ್ಣಿನ ನೊಣದಿಂದ. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಈಥರ್ ಹೊಗೆಗೆ ಒಡ್ಡಿದಾಗ ಕಾಲು ಕುಣಿಸುವ ರೂಪಾಂತರಿ ನೊಣಗಳು ಕಂಡಿದ್ದವು. ಆ ಕಾಲದ ಕುಣಿತದ ಹೆಸರನ್ನೇ ಸೇರಿಸಿ ಆ ಜೀನನ್ನು ‘ಈಥರ್-ಅ-ಗೋ-ಗೋ’ ಎಂದು ಕರೆದರು. ಮನುಷ್ಯರಲ್ಲಿ ಅದರ ಬಂಧುವನ್ನು 1994ರಲ್ಲಿ ವಾರ್ಮ್ಕಿ ಮತ್ತು ಗನೆಟ್ಸ್ಕಿ ಪತ್ತೆಹಚ್ಚಿದರು; ಹರ್ಗ್ ಎಂದು ಹೆಸರಾಯಿತು. ಮರುವರ್ಷವೇ ಯೂಟಾದ ಮಾರ್ಕ್ ಕೀಟಿಂಗ್ ಮತ್ತು ಮೈಕಲ್ ಸ್ಯಾಂಗ್ವಿನೆಟ್ಟಿ ಅವರ ತಂಡಗಳು, ಆನುವಂಶಿಕ ಉದ್ದ-ಕ್ಯೂಟಿ ಕಾಯಿಲೆಯ ಒಂದು ಬಗೆಗೆ ಇದೇ ಜೀನಿನ ದೋಷ ಕಾರಣವೆಂದೂ, ಮಿಡಿತದ ಬಳಿಕ ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ಬಾಗಿಲನ್ನು ಈ ಜೀನೇ ಕಟ್ಟುತ್ತದೆಂದೂ ತೋರಿಸಿದವು. ಪೊಟ್ಯಾಸಿಯಂ ಹೊರಹೋಗುವುದು ತಡವಾದರೆ ಕೋಶ ಮತ್ತೆ ಸಜ್ಜಾಗುವುದು ತಡ, ಕ್ಯೂಟಿ ಉದ್ದ. ಈ ಬಾಗಿಲಿನ ಒಳಹಜಾರ ಅದರ ಜಾತಿಯ ಬೇರೆ ಬಾಗಿಲುಗಳಿಗಿಂತ ಅಗಲ. ಒಳಗೆ ಸೇರಿದ ಔಷಧಿಯನ್ನು ಹಿಡಿದಿಡುವ ಎರಡು ಅಮೈನೊ ಆಮ್ಲಗಳು ಗೋಡೆಯಲ್ಲಿವೆ. ಹಾಗಾಗಿಯೇ ರಚನೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಔಷಧಿಗಳೆಲ್ಲ ಅಲ್ಲೇ ಬಂದು ಸಿಕ್ಕಿಕೊಳ್ಳುತ್ತವೆ. ನಾರ್ವೆಯ ಮಕ್ಕಳ ಕಾಯಿಲೆಯ ಬಳಗಕ್ಕೂ ಆ 39ರ ಹೆಂಗಸಿನ ಮೂರ್ಛೆಗೂ ಕೊನೆಗೆ ಒಂದೇ ಬಗೆಯ ವಿವರಣೆ ಸಿಕ್ಕಿತು.

ಇನ್ನು ಎರಿಥ್ರೊಮೈಸಿನ್‌ನ ಸರದಿ. ಟೆನ್ನೆಸಿ ರಾಜ್ಯದ ಬಡವರ ಆರೋಗ್ಯ ವಿಮೆಯ ದಾಖಲೆಗಳನ್ನು ಹಿಡಿದು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೇಯ್ನ್ ರೇ ಮತ್ತು ಸಂಗಡಿಗರು 1,476 ಹಠಾತ್ ಹೃದಯ ಸಾವುಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದರು. ಎರಿಥ್ರೊಮೈಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಅಂಥ ಸಾವಿನ ದರ ತೆಗೆದುಕೊಳ್ಳದವರ ಎರಡರಷ್ಟಿತ್ತು. ಅದರ ಜೊತೆಗೆ ಕಿಣ್ವ ತಡೆಯುವ ಔಷಧಿಗಳೂ, ಬಿಪಿಗೂ ಎದೆನೋವಿಗೂ ಕೊಡುವ ಡಿಲ್ಟಿಯಾಜೆಮ್, ವೆರಪಮಿಲ್ ಸೇರಿ, ಇದ್ದವರಲ್ಲಿ ಐದು ಪಟ್ಟು. ಸೋಂಕೇ ಕಾರಣವಿದ್ದೀತು ಎಂಬ ಅನುಮಾನಕ್ಕೆ ಉತ್ತರವಾಗಿ ಅವರು ಅಮಾಕ್ಸಿಸಿಲಿನ್ ತೆಗೆದುಕೊಂಡವರನ್ನೂ ಎಣಿಸಿದ್ದರು. ಅವರಲ್ಲಿ ಏರಿಕೆ ಕಾಣಲಿಲ್ಲ. ಆ ಐದು ಪಟ್ಟಿನ ಹಿಂದೆ ಇದ್ದದ್ದು ಮೂರೇ ಸಾವು ಎಂದು ಟೀಕಿಸಿದವರಿದ್ದಾರೆ. ಟೀಕೆ ಸರಿ, ಮೂರರ ಮೇಲೆ ಕಟ್ಟಿದ ಲೆಕ್ಕ ಅಲುಗಾಡುತ್ತದೆ. ಆದರೆ ಕಿಣ್ವದ ಕಥೆ, ಬಾಗಿಲಿನ ಕಥೆ, ರೋಗಿಗಳ ವರದಿಗಳು, ಈಗ ಈ ಎಣಿಕೆ, ನಾಲ್ಕೂ ಬೇರೆ ಬೇರೆ ದಿಕ್ಕಿನಿಂದ ಒಂದೇ ಕಡೆಗೆ ಬೆರಳು ತೋರಿಸುವಾಗ ಮೂರು ಸಾವನ್ನು ಆಕಸ್ಮಿಕವೆಂದು ಬದಿಗಿಡುವುದು ನನಗೆ ಸಾಧ್ಯವಿಲ್ಲ. 1952ರಿಂದ 2004: ಐವತ್ತೆರಡು ವರ್ಷ.

ಅದೇ ತಂಡ 2012ರಲ್ಲಿ ಅಜಿಥ್ರೊಮೈಸಿನ್ ಕಡೆ ತಿರುಗಿತು. ಜಾಗ್ರೆಬ್‌ನ ಪ್ಲೀವಾ ಕಂಪನಿ ಎರಿಥ್ರೊಮೈಸಿನ್ನನ್ನೇ ತಿದ್ದಿ ಕಟ್ಟಿದ ಈ ಔಷಧಿ ಆ ಕಿಣ್ವವನ್ನು ಹೆಚ್ಚು ತಡೆಯುವುದಿಲ್ಲ. ಹಾಗಾಗಿ ಹೃದಯಕ್ಕೆ ನಿರಪಾಯ ಎಂದೇ ನಂಬಿಕೆ. ಐದು ದಿನದ ಕೋರ್ಸಿನ ಅವಧಿಯಲ್ಲಿ ಅಮಾಕ್ಸಿಸಿಲಿನ್‌ಗೆ ಹೋಲಿಸಿದರೆ ಹತ್ತು ಲಕ್ಷ ಕೋರ್ಸಿಗೆ 47 ಹೆಚ್ಚುವರಿ ಹೃದಯ ಸಾವು ಎಂದು ಲೆಕ್ಕ ಬಂತು. ಮೊದಲೇ ಹೃದಯದ ತೊಂದರೆಯ ಸಾಧ್ಯತೆ ಅತಿ ಹೆಚ್ಚಿದ್ದ ಹತ್ತನೇ ಒಂದು ಭಾಗದ ಜನರಲ್ಲಿ 245. ಮರುವರ್ಷ ಡೆನ್ಮಾರ್ಕಿನಿಂದ ಎದುರುತ್ತರ ಬಂತು: 18ರಿಂದ 64 ವಯಸ್ಸಿನ ಜನರಲ್ಲಿ ಹನ್ನೊಂದು ಲಕ್ಷ ಅಜಿಥ್ರೊಮೈಸಿನ್ ಕೋರ್ಸುಗಳನ್ನು ಪೆನಿಸಿಲಿನ್ ಜೊತೆ ಹೋಲಿಸಿದರೆ ಯಾವ ವ್ಯತ್ಯಾಸವೂ ಇಲ್ಲ, ಯಾವ ಆ್ಯಂಟಿಬಯಾಟಿಕ್ಕನ್ನೂ ತೆಗೆದುಕೊಳ್ಳದವರಿಗಿಂತ ಸಾವು ಹೆಚ್ಚಿದ್ದರೆ ಅದು ಸೋಂಕಿನದೇ ಫಲ. ಇದನ್ನು ಹಿಡಿದು ‘ನೋಡಿ, ಅಮೆರಿಕದ ಅಧ್ಯಯನ ಸುಳ್ಳಾಯಿತು’ ಎನ್ನುವವರಿದ್ದಾರೆ. ನನಗೆ ಎರಡೂ ಒಂದೇ ಮಾತನ್ನು ಹೇಳಿದಂತೆ ಕಾಣುತ್ತದೆ. ಟೆನ್ನೆಸಿಯ ರೋಗಿಗಳಲ್ಲಿ ಬಡತನವಿತ್ತು, ಹಲವು ಕಾಯಿಲೆ, ಹಲವು ಔಷಧಿಗಳಿದ್ದವು. ಡೆನ್ಮಾರ್ಕಿನ ಅಧ್ಯಯನ ಸಾಮಾನ್ಯ ಜನರದು. ಅಲ್ಲಿ ಕಂಡದ್ದು ಇಲ್ಲಿ ಕಾಣದಿದ್ದರೆ, ಅಪಾಯ ಮಾತ್ರೆಯೊಂದರಲ್ಲೇ ಇಲ್ಲ, ಮಾತ್ರೆ ಯಾರ ಮೈಗೆ ಹೋಗುತ್ತದೆ ಎಂಬುದರಲ್ಲಿದೆ ಎಂದಾಯಿತು. ಅಪಾಯ ಹೆಚ್ಚಿರುವುದು ಇಂಥವರಿಗೆ: ಭೇದಿ-ವಾಂತಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಕಳೆದುಕೊಂಡವರು, ಮೂತ್ರ ಹೆಚ್ಚು ಹೋಗಲೆಂದು ಮಾತ್ರೆ ನುಂಗುವವರು, ನಾಡಿ ನಿಧಾನವಾಗಿರುವ ವೃದ್ಧರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಕಂಡವರು. ಇನ್ನು ಹೆಣ್ಣುಮಕ್ಕಳ ಕ್ಯೂಟಿ ಸಹಜವಾಗಿಯೇ ತುಸು ಉದ್ದ; ಔಷಧಿಯಿಂದ ಟೊರ್ಸಾದ್ ಬಂದವರಲ್ಲಿ ಸುಮಾರು ಮೂರನೇ ಎರಡು ಭಾಗ ಹೆಂಗಸರು. ಎದೆ ಹಾರುತ್ತದೆ ಎಂದಾಗ ಹೆದರಿಕೆ ಎಂಬ ಉತ್ತರ ಬೇಗ ಸಿಗುವುದೂ ಅವರಿಗೇ.

ನಿಯಂತ್ರಕರೂ ಸುಮ್ಮನಿರಲಿಲ್ಲ. ಗ್ರೆಪಾಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ 1997ರಲ್ಲಿ ಬಂದು, ಹೃದಯದ ಕಾರಣಕ್ಕೇ 1999ರಲ್ಲಿ ಹಿಂದೆ ಹೋಯಿತು. 2005ರಿಂದ ಹೊಸ ಔಷಧಿಗಳಿಗೆ ಕ್ಯೂಟಿ ಪರೀಕ್ಷೆ ಕಡ್ಡಾಯದಂತಾಯಿತು. ಅದಕ್ಕೂ ಆಕ್ಷೇಪವಿದೆ: ಮೇಲೆ ಹೇಳಿದ ವೆರಪಮಿಲ್ ಹರ್ಗ್ ಬಾಗಿಲನ್ನು ಚೆನ್ನಾಗಿಯೇ ಮುಚ್ಚುತ್ತದೆ, ಆದರೂ ಟೊರ್ಸಾದ್ ತರುವುದು ತೀರಾ ಅಪರೂಪ, ಏಕೆಂದರೆ ಕ್ಯಾಲ್ಸಿಯಂ ಒಳಬರುವುದನ್ನೂ ಅದು ತಡೆಯುತ್ತದೆ. ಹಾಗಾದರೆ ಈ ಬಾಗಿಲು ಮುಚ್ಚಿತೆಂದು ಒಳ್ಳೆಯ ಔಷಧಿಯನ್ನು ಕೊಲ್ಲುವುದೇ? ಆಕ್ಷೇಪ ಗಟ್ಟಿಯಾಗಿದೆ. ಅದು ಈ ಲೇಖನದ ವಾದವನ್ನೇ ಔಷಧಿಯ ಒಳಗಿನಿಂದ ಹೇಳುತ್ತದೆ: ಒಂದೇ ಬಾಗಿಲನ್ನು ನೋಡಿದರೆ ಸಾಲದು.

ಇಷ್ಟೆಲ್ಲ ಗೊತ್ತಿದ್ದೂ 2020ರ ಮಾರ್ಚ್‌ನಲ್ಲಿ ಜಗತ್ತು ಅದನ್ನು ಮರೆತಂತಾಯಿತು. ಫ್ರಾನ್ಸಿನ ಮಾರ್ಸೇಯ ಒಂದು ಪುಟ್ಟ ಅಧ್ಯಯನದಲ್ಲಿ ಆರು ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಜೊತೆ ಅಜಿಥ್ರೊಮೈಸಿನ್ ಕೊಟ್ಟಿದ್ದರು. ಆ ಜೋಡಿ ದೇಶದೇಶಗಳ ಆಸ್ಪತ್ರೆಗಳಿಗೆ ಹಬ್ಬಿತು. ಭಾರತದ ಆರೋಗ್ಯ ಸಚಿವಾಲಯವೂ ಮಾರ್ಚ್ 31ರ ಮಾರ್ಗಸೂಚಿಯಲ್ಲಿ ತೀವ್ರ ನಿಗಾ ಘಟಕದ ರೋಗಿಗಳಿಗೆ ಅದನ್ನು ಸೂಚಿಸಿ, ಜೂನ್‌ನಲ್ಲಿ ಅಜಿಥ್ರೊಮೈಸಿನ್ನನ್ನು ಕೈಬಿಟ್ಟಿತು. ಒಂದು ಕ್ವಿನಿಡಿನ್‌ನ ದೂರದ ನೆಂಟ, ಇನ್ನೊಂದು ಎರಿಥ್ರೊಮೈಸಿನ್‌ನ ಮಗ. ಎರಡಕ್ಕೂ ಕ್ಯೂಟಿ ಹಿಗ್ಗಿಸುವ ಗುಣ. ಏಪ್ರಿಲ್ 24ರಂದು ಅಮೆರಿಕದ ನಿಯಂತ್ರಕರು ಎಚ್ಚರಿಕೆ ಕೊಟ್ಟರು. ಮಾರ್ಸೇಯ ಆ ಲೇಖನವನ್ನು ಪ್ರಕಟಿಸಿದ್ದ ಪತ್ರಿಕೆಯೇ 2024ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ನಮಗೆ ಈ ವಿಷಯ ದೂರದ್ದಲ್ಲ. 2019ರಲ್ಲಿ ಭಾರತದ ಖಾಸಗಿ ವಲಯದಲ್ಲಿ ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯಾಟಿಕ್ ರೂಪ ಅಜಿಥ್ರೊಮೈಸಿನ್ 500 ಮಿಲಿಗ್ರಾಂ ಮಾತ್ರೆ. ಒಟ್ಟು ಬಳಕೆಯ ಶೇಕಡಾ 7.6. ಅಪಾಯ ಲಕ್ಷಕ್ಕೆ ಕೆಲವರಿಗೆ ಮಾತ್ರ ಎನ್ನುವಾಗ ಎಷ್ಟು ಲಕ್ಷ ಎಂಬುದನ್ನೂ ಎಣಿಸಬೇಕು.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು: ಇದನ್ನೆಲ್ಲ ಹೇಳಿದರೆ ಜನ ಹೆದರಿ, ಬೇಕಾದ ಔಷಧಿಯನ್ನೇ ಅರ್ಧಕ್ಕೆ ಬಿಟ್ಟಾರು. ಬಿಟ್ಟರೆ ನ್ಯುಮೋನಿಯಾದಿಂದ ಸಾಯುವವರು ಟೊರ್ಸಾದ್‌ನಿಂದ ಸಾಯುವವರಿಗಿಂತ ಎಷ್ಟೋ ಹೆಚ್ಚು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ; ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ತಪ್ಪು. ಆದರೆ ಹೆದರಿಕೆಗೆ ಮದ್ದು ಮೌನವಲ್ಲ ಎಂದು ಕ್ಷಯರೋಗದ ಇತ್ತೀಚಿನ ಇತಿಹಾಸ ತೋರಿಸಿಕೊಟ್ಟಿದೆ. 2012ರ ಕೊನೆಯಲ್ಲಿ ಅಮೆರಿಕದಲ್ಲಿ ಮಂಜೂರಾದ ಬೆಡಾಕ್ವಿಲಿನ್, ಔಷಧಿಗೆ ಬಗ್ಗದ ಕ್ಷಯಕ್ಕೆ ನಾಲ್ಕು ದಶಕಗಳಲ್ಲಿ ಬಂದ ಮೊದಲ ಹೊಸ ಬಗೆಯ ಆಯುಧ. ಅದೂ ಕ್ಯೂಟಿ ಹಿಗ್ಗಿಸುತ್ತದೆ, ಜೊತೆಗೆ ಕೊಡುವ ಮಾಕ್ಸಿಫ್ಲಾಕ್ಸಸಿನ್, ಕ್ಲೊಫಾಜಿಮಿನ್ ಕೂಡ ಹಿಗ್ಗಿಸುತ್ತವೆ. ಆರಂಭದ ಒಂದು ಪರೀಕ್ಷೆಯಲ್ಲಿ ಆ ಔಷಧಿ ಪಡೆದ 79 ಜನರಲ್ಲಿ 10 ಮಂದಿ, ಪಡೆಯದ 81 ಜನರಲ್ಲಿ 2 ಮಂದಿ ತೀರಿಕೊಂಡಿದ್ದರು. ಆ ಸಾವುಗಳಿಗೆ ಹೃದಯವೇ ಕಾರಣವೆಂದು ಸಿದ್ಧವಾಗಲಿಲ್ಲ, ಆದರೂ ಯಾರೂ ಅದನ್ನು ಮುಚ್ಚಿಡಲಿಲ್ಲ. ಭಾರತದಲ್ಲಿ 2016ರಲ್ಲಿ ಆರೇ ಆರು ಕೇಂದ್ರಗಳಲ್ಲಿ, ಷರತ್ತಿನ ಮೇಲೆ ಶುರುವಾಯಿತು. ಮೊದಲ ಮಾತ್ರೆಗೆ ಮುಂಚೆ ಇಸಿಜಿ, ಪೊಟ್ಯಾಸಿಯಂ-ಮೆಗ್ನೀಸಿಯಂ ಪರೀಕ್ಷೆ. ಆಮೇಲೆ ನಿಗದಿತ ದಿನಗಳಲ್ಲಿ ಮತ್ತೆ ಮತ್ತೆ ಇಸಿಜಿ. 500 ದಾಟಿದರೆ ತಡೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಇಂಥ ಕ್ಷಯಕ್ಕೆ ಮೊದಲ ಆದ್ಯತೆಯ ಔಷಧಿಗಳ ಗುಂಪಿಗೆ ಏರಿಸಿತು. 2024ರಲ್ಲಿ ಭಾರತ ಒಪ್ಪಿದ ಆರು ತಿಂಗಳ ಹೊಸ ಚಿಕಿತ್ಸೆಯಲ್ಲಿ ಬೆಡಾಕ್ವಿಲಿನ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಎರಡೂ ಒಟ್ಟಿಗೇ ಇವೆ. ಹಿಂದೆ ಇದೇ ರೋಗಿಗಳು ಇಪ್ಪತ್ತು ತಿಂಗಳವರೆಗೆ ಮಾತ್ರೆ ನುಂಗಬೇಕಿತ್ತು. ಕ್ಷಯದ ವಾರ್ಡಿನಲ್ಲಿ ಇವತ್ತು ಎದೆ ಹಾರುತ್ತದೆ ಎಂದು ರೋಗಿ ಹೇಳಿದರೆ ನರ್ಸ್ ಮೊದಲು ತರುವುದು ಇಸಿಜಿ ಯಂತ್ರವನ್ನು. ಕಾಗದ ಹೊರಬರುತ್ತದೆ, ಕ್ಯೂನಿಂದ ಟಿವರೆಗಿನ ಸಣ್ಣ ಚೌಕಗಳನ್ನು ಎಣಿಸುತ್ತಾರೆ.